ನಾಲ್ಕು ಜ್ವರ ಮುಗಿದ ಕಂಪ್ಯೂಟರು

ಇವತ್ತು ಬೆಳಿಗ್ಗೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಬಂದು ಕೈ ತೊಳೆಯುತ್ತಿದ್ದೆ. ನನ್ನ ಹೆಂಡತಿ ಮಾದೇವಿ ತನ್ನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

"ಇಲ್ ನೋಡಿ, ಇದೂ ಜ್ವರುಕ್ ಕುಂತ್ಕತೀನಿ ಅಂತದ. ಕೂರುಸ್ಲಾ, ಬ್ಯಾಡ್ವಾ?"

ನೋಡಿದರೆ ಅಪ್‌ಡೇಟ್. ಒತ್ತು ಎಂದು ಹೇಳಲು ಬಾಯಿ ತೆರೆದವನಿಗೆ ಒಂದು ಸಂಗತಿ ನೆನಪಾಯಿತು. ಹೋದ ಮದುವೆ ಕಾಲದಲ್ಲಿ ಇದೇ ಜ್ವರ ನನ್ನ ಕಂಪ್ಯೂಟರಿಗೂ ಬಂದಿತ್ತು.

ನೀವು ರೇಷ್ಮೆ ಹುಳು ಸಾಕದವರಾದರೆ ಈ ಮಾತನ್ನು ಸ್ವಲ್ಪ ಬಿಡಿಸಬೇಕು. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ, ಆಮೇಲೆ ನೂಲು ಬಿಟ್ಟು ಗೂಡು ಕಟ್ಟುತ್ತದೆ. ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಮಾದೇವಿಯ ಕಾನೂನಿನ ಪ್ರಕಾರ ಜೋರಾಗಿ ಸೀನಲೂಬಾರದು. ಜ್ವರದಿಂದ ಎದ್ದ ಹುಳುವಿಗೆ ಹೊಸ ಚರ್ಮ, ಹೊಸ ಹಸಿವು. ಹೋದದ್ದಕ್ಕಿಂತ ದೊಡ್ಡದಾಗಿ ಬರುತ್ತದೆ. ಈ ನಂಬಿಕೆಯೇ ನಮ್ಮನ್ನು ಕೆಡಿಸಿದ್ದು.

ನಮ್ಮೂರು ಹನೂರಿನ ಹತ್ತಿರದ ಶಾಗ್ಯ. ಹಿಪ್ಪುನೇರಳೆ ತೋಟ, ಹುಳು ಮನೆ, ಜೊತೆಗೆ ಮದುವೆಗಳ ವಿಡಿಯೋ ಕೂಡಿಸಿ ಕೊಡುವ ನನ್ನ ಕೆಲಸ. ಓದು ಏಳನೆಯದಕ್ಕೆ ನಿಂತಿತ್ತು. ಹತ್ತನೆಯದನ್ನು ಮೀಸೆ ಬಲಿತ ಮೇಲೆ ಕಟ್ಟಿ ಪಾಸಾದೆ. ಆ ಹುಮ್ಮಸ್ಸಿನಲ್ಲೇ ಹನೂರಿನಲ್ಲಿ ಗೊಬ್ಬರದ ಅಂಗಡಿಯ ಮಹಡಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಸುತ್ತ ಎರಡು ಜಡೆ ಹಾಕಿದ ಹೆಣ್ಣುಮಕ್ಕಳು, ನಡುವೆ ಪಂಚೆ ಉಟ್ಟ ನಾನು. ಕಲಿಸುತ್ತಿದ್ದವರು ಯಳಂದೂರಿನ ರತ್ನ. ನನಗಿಂತ ಎಷ್ಟೋ ಚಿಕ್ಕವರು. ನಾನು ಅವರನ್ನು ಮಿಸ್ಸು ಎಂದೂ ಅವರು ನನ್ನನ್ನು ಅಣ್ಣ ಎಂದೂ ಕರೆದುಕೊಂಡು ಬಂದಿದ್ದೇವೆ, ಈಗಲೂ ಹಾಗೇ.

ನನ್ನ ಟೈಪಿಂಗ್ ನೋಡಿ ಅವರು ಒಂದು ದಿನ ಹಣೆ ಚಚ್ಚಿಕೊಂಡರು. "ಅಣ್ಣ, ಆ ಕೀ ಏನು ಚೇಳಾ? ಒತ್ತಿ, ಕಚ್ಚಲ್ಲ."

"ಉಡುಕ್ತಾ ಇವ್ನಿ ಮಿಸ್ಸೂ. ಎಲ್ಲೋ ಕುಂತದ ಈ ಅಕ್ಸರ."

ಈಗಲೂ ಹುಡುಕುತ್ತೇನೆ. ಈ ಬರಹವನ್ನೂ ಎರಡೇ ಬೆರಳಲ್ಲಿ ಹುಡುಕಿ ಹುಡುಕಿ ಹೊಡೆಯುತ್ತಿದ್ದೇನೆ. ಇಂಥವನಿಗೆ ಯಾಕಪ್ಪ ವೇಗದ ಕಂಪ್ಯೂಟರು ಎಂದು ನೀವು ಕೇಳಬಹುದು. ಬೆರಳು ನಿಧಾನವಾದರೂ ವಿಡಿಯೋ ಕಾಯುವುದಿಲ್ಲ. ತುಂಡುಗಳನ್ನು ಜೋಡಿಸಿ, ಬಣ್ಣ ಸರಿಮಾಡಿ, ಕೊನೆಗೆ ಒಂದೇ ಚಿತ್ರವಾಗಿ ಹೊರಗೆ ತೆಗೆಯಬೇಕು. ಆ ಕೊನೆಯ ಕೆಲಸಕ್ಕೆ ನನ್ನ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ನನ್ನದು ಎಲ್ಲಕ್ಕಿಂತ ಅಗ್ಗದ ಪ್ರೊಸೆಸರು. ಆದರೆ ಅದರಲ್ಲಿ ಒಂದು ಗುಣವಿದೆ ಎಂದು ಕಂಡುಹಿಡಿದವರು ಮಿಸ್ಸು. ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡುವ ಕಸುವು ಅದಕ್ಕಿತ್ತು, ಓಡಿಸುವವರು ಬೇಕಿತ್ತು. ಅದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಕಂಪ್ಯೂಟರು ಏಳುವ ಮೊದಲೇ ಒಂದು ಕೀ ಒತ್ತಿ ಒಳಗಿನ ಸೆಟ್ಟಿಂಗಿಗೆ ಹೋಗಿ, ವೇಗದ ಅಂಕಿಯನ್ನು ಒಂದೊಂದಾಗಿ ಏರಿಸುವುದು. ಏರಿಸಿದಾಗಲೆಲ್ಲ ಓಡಿಸಿ ನೋಡುವುದು. ತಡೆದುಕೊಂಡರೆ ಇನ್ನೊಂದು ಮೆಟ್ಟಿಲು, ಇಲ್ಲವಾದರೆ ಒಂದು ಹಿಂದಕ್ಕೆ.

ಅದಕ್ಕಾಗಿ ಮಿಸ್ಸು ಬಸ್ಸು ಹತ್ತಿ ನಮ್ಮೂರಿಗೇ ಬಂದರು. ನಮ್ಮ ನಡುಮನೆಗೆ ಶೀಟಿನ ಮಾಡು. ಎರಡು ಮೆಟ್ಟಿಲು ಏರಿಸುವಷ್ಟರಲ್ಲಿ ಕಾವು ತಾಳಲಾರದೆ ಕಂಪ್ಯೂಟರು ನಿಂತುಬಿಟ್ಟಿತು. "ಇದಕ್ಕಿಂತ ತಂಪಾಗಿರೋ ಜಾಗ ಇಲ್ವಾ ಅಕ್ಕ?" ಎಂದು ಮಾದೇವಿಯನ್ನು ಕೇಳಿದರು. ಮಾದೇವಿ ಹುಳು ಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆ ತೋರಿಸಿದಳು. ಸೊಪ್ಪು ಬಾಡದಿರಲಿ ಎಂದು ಅಲ್ಲಿ ಕಿಟಕಿಗೆಲ್ಲ ಒದ್ದೆ ಗೋಣಿ ಇಳಿಬಿಟ್ಟಿರುತ್ತೇವೆ. ಮಿಸ್ಸು ಸಂತೋಷದಿಂದ ಹೊಸ್ತಿಲು ದಾಟಹೊರಟರು. ಮಾದೇವಿ ಕೈ ಅಡ್ಡ ಹಿಡಿದಳು.

"ಮಿಸ್ಸಮ್ಮಾ, ಬೇಜಾರ್ ಮಾಡ್ಕಬ್ಯಾಡಿ. ಮುಡ್ದಿರ ಮಲ್ಗೆ ತಗ್ದು ಆಚೆ ಮಡಗಿ. ಮೊಖಕ್ ಪೌಡ್ರು ಆಕಿದ್ರೆ ತೊಳ್ಕಬನ್ನಿ. ನಮ್ ಉಳಕ್ಕೆ ವಾಸ್ನೆ ಆಗಲ್ಲ."

ಮಿಸ್ಸು ಹೂವು ತೆಗೆದು, ಮುಖ ತೊಳೆದು, ರೋಗ ಒಳಗೆ ಬರದಿರಲೆಂದು ಬಾಗಿಲ ಬಳಿ ಹರಡಿದ ಸುಣ್ಣದ ಪುಡಿ ತುಳಿದು ಒಳಗೆ ಬಂದರು. ಅಲ್ಲಿಗೆ ಸಾಗಿಸಿದ ಕಂಪ್ಯೂಟರು ಮೆಟ್ಟಿಲ ಮೇಲೆ ಮೆಟ್ಟಿಲು ಹತ್ತಿತು. ಒದ್ದೆ ಗೋಣಿ, ಹಸಿ ಸೊಪ್ಪು, ಬೆಚ್ಚಗಾದ ಧೂಳು ಮೂರೂ ಸೇರಿ ಒಂದು ವಾಸನೆ ಎದ್ದಿತು. ನನಗೆ ಇವತ್ತಿಗೂ ವೇಗ ಎಂದರೆ ಆ ವಾಸನೆ. ಕೊನೆಗೆ ಒಂದು ಅಂಕಿಯ ಮೇಲೆ ನಿಲ್ಲಿಸಿ ಮಿಸ್ಸು ಹೇಳಿದರು: "ನೋಡಿ ಅಣ್ಣ, ಕಂಪ್ನಿಯವ್ರು ಅವರಿಗೆ ಬೇಕಾದಷ್ಟು ಹೇಳ್ಕೊಟ್ಟು ಕಳಿಸಿರ್ತಾರೆ. ತಂದ್ಮೇಲೆ ಇದು ನಿಮ್ದು. ಎಷ್ಟು ಓಡ್ಬೇಕು ಅನ್ನೋದು ನೀವು ಹೇಳಿ." ಹೋಗುವ ಮುಂಚೆ, ಎಂದಾದರೂ ಕೆಟ್ಟರೆ ಇರಲಿ ಎಂದು, ಸಿಸ್ಟಮ್ಮನ್ನು ಮತ್ತೆ ಹಾಕಿಕೊಳ್ಳಲು ಒಂದು ಡಿಸ್ಕನ್ನೂ ಮಾಡಿಕೊಟ್ಟರು.

ವರ್ಷಗಳು ಹಾಗೇ ಓಡಿದವು. ನಮ್ಮೂರಿಗೆ ತಂತಿ ಇಂಟರ್‌ನೆಟ್ ಬಂತು. ನಾನೇ ಹಲ್ಲು ಕಿರಿದು ಕಂಪ್ಯೂಟರಿಗೆ ಸಿಕ್ಕಿಸಿದೆ. ಒಂದು ಬೆಳಿಗ್ಗೆ ಸೊಪ್ಪು ಕುಯ್ದು ತಂದು ನೋಡಿದರೆ ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿದೆ, ಕೆಳಗೆ ಆಫ್ ಮಾಡಬೇಡಿ ಎಂಬ ಬರಹ. ನಾನು ಗಾಬರಿಯಾದೆ. ಮಾದೇವಿ ಆಗಲಿಲ್ಲ.

"ಜ್ವರುಕ್ ಕುಂತದ ಕಣ್ರಿ. ಮುಟ್ಬ್ಯಾಡಿ. ತಾನೇ ಏಳ್ತದ."

ಎಷ್ಟು ಸರಿಯಾಗಿ ಕಂಡಿತು ನೋಡಿ ಆ ಮಾತು! ತಿನ್ನುವುದು ನಿಲ್ಲಿಸಿ, ಅಲ್ಲಾಡದೆ, ಮುಟ್ಟಬೇಡ ಎನ್ನುತ್ತಾ ಕೂತಿದೆ, ಜ್ವರವಲ್ಲದೆ ಮತ್ತೇನು? ನಾವಿಬ್ಬರೂ ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದೆವು. ಆ ಹೊತ್ತಿನಲ್ಲೇ ತಂತಿ ಕೀಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ನಾವು ಕೀಳಲಿಲ್ಲ. ಮರ್ಯಾದೆ ಕೊಟ್ಟೆವು.

ಜ್ವರದಿಂದ ಎದ್ದದ್ದು ಹೊಸ ಚರ್ಮದಲ್ಲಿ ಎದ್ದಿತು, ನಿಜ. ಆದರೆ ಕುಗ್ಗಿ ಎದ್ದಿತು. ಒಳಗಿನ ಸೆಟ್ಟಿಂಗಿನಲ್ಲಿ ಮಿಸ್ಸಿನ ಅಂಕಿ ಹಾಗೇ ಇದೆ. ಸಿಸ್ಟಮ್ಮು ಎದ್ದ ಕೂಡಲೇ ವೇಗ ಕಂಪನಿಯ ಅಂಕಿಗೆ ಬಿದ್ದುಬಿಡುತ್ತದೆ. ಫ್ಯಾನಿನ ಸದ್ದಿಲ್ಲ, ಆ ವಾಸನೆಯಿಲ್ಲ. ಕಾಮಗೆರೆಯ ಬಸವರಾಜಪ್ಪನವರ ಮಗಳ ಮದುವೆಯ ವಿಡಿಯೋ ನನ್ನ ಕೈಯಲ್ಲಿತ್ತು. ಭಾನುವಾರ ಬೀಗರೂಟ. ಊಟಕ್ಕೆ ಬಂದವರ ಮುಂದೆ ದೊಡ್ಡ ಪರದೆಯ ಮೇಲೆ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಈ ನಡಿಗೆಯಲ್ಲಿ ಆ ಹುಡುಗಿಯ ಬಾಣಂತನದ ಹೊತ್ತಿಗೆ ಮುಗಿಯುತ್ತಿತ್ತು.

ಬಸವರಾಜಪ್ಪನವರು ಫೋನು ಮಾಡಿದರು. "ಏನಪ್ಪ, ನಿನ್ ಕುದ್ರೆ ಕುಂಟ್ತಾ ಅದಂತಲ್ಲ? ಕೊಳ್ಳೇಗಾಲದ ವಿಡಿಯೋದವ್ರ್ ಕೈಗೆ ಕೊಟ್ಬುಡ್ಲಾ?"

"ಭಾನ್ವಾರುಕ್ಕೆ ತರ್ತೀನಿ ಬುದ್ಧಿ," ಎಂದೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ಹನೂರು, ಕೊಳ್ಳೇಗಾಲ ದಾಟಿ ಯಳಂದೂರಿಗೆ ಹೋದೆ. ಮಿಸ್ಸು ಕ್ಲಾಸು ಮುಚ್ಚಿ ಅಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ನನ್ನನ್ನು ನೋಡಿ ಸ್ಟೂಲು ಎಳೆದುಕೊಟ್ಟರು. ಕಥೆ ಕೇಳಿ ನಕ್ಕುಬಿಟ್ಟರು.

"ಅಯ್ಯೋ ಅಣ್ಣ, ಅದುನ್ನ ಇನ್ನೂವೆ ಓಡುಸ್ತಾ ಇದೀರಾ? ಅಪ್‌ಡೇಟ್ ಜೊತೆ ಒಂದು ಫೈಲು ಬಂದಿರ್ತದೆ. ಸಿಸ್ಟಮ್ಮು ಏಳುವಾಗ್ಲೇ ಅದು ಪ್ರೊಸೆಸರ್ ಕಿವೀಲಿ ಊದ್ಬುಡ್ತದೆ, ಕಂಪ್ನಿ ಹೇಳಿದಷ್ಟೇ ಓಡು ಅಂತ."

"ಯಾಕಂತೆ?"

"ಕಳ್ಳರು ನುಗ್ಗದಿರ್ಲಿ, ಕೆಟ್ಟು ನಿಲ್ಲದಿರ್ಲಿ ಅಂತಾರೆ. ಸುಳ್ಳೇನಲ್ಲ." ಯಾರದೋ ಆಧಾರ್ ಜೆರಾಕ್ಸ್ ತೆಗೆಯುತ್ತಲೇ ಹೇಳಿದರು. "ಬುಟ್ಬುಡಿ ಅಣ್ಣ. ಹೊಸದು ತಗೊಳಿ. ನಾನೀಗ ಕೇಳಿದ್ದಕ್ಕೆಲ್ಲ ಸರಿ ಅಂತ ಒತ್ತುತೀನಿ, ನೆಮ್ಮದಿಯಾಗಿದೀನಿ."

"ಎಷ್ಟ್ ಓಡ್ಬೇಕು ಅನ್ನದು ನೀವ್ ಯೇಳಿ ಅಂದೋರು ನೀವೇ ಅಲ್ವಾ ಮಿಸ್ಸೂ?"

ಜೆರಾಕ್ಸಿನ ಬೆಳಕು ಅವರ ಮುಖದ ಮೇಲೆ ಒಮ್ಮೆ ಹಾದುಹೋಯಿತು. "ಆಗ ನಂಗೆ ಬೇರೆ ಕೆಲ್ಸ ಇರ್ಲಿಲ್ಲ ಅಣ್ಣ," ಎಂದರು.

ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಕುದಿಯುತ್ತಿದ್ದೆ. ನಾನು ಬೀಗ ಬೇಡ ಎನ್ನುವವನಲ್ಲ. ಊರು ಕೆಟ್ಟಿದೆ, ಬೀಗ ಬೇಕು. ಆದರೆ ಬೀಗ ಹಾಕಲು ಬಂದವನು ಹೋಗುವಾಗ ನನ್ನ ಎತ್ತಿನ ಮುಂಗಾಲಿಗೆ ಹಗ್ಗ ಕಟ್ಟಿ ಹೋದರೆ? ಅದೂ ನನ್ನನ್ನು ಒಂದು ಮಾತು ಕೇಳದೆ? ನಮ್ಮ ಸೊಪ್ಪಿನ ಕೋಣೆಗೆ ಬರುವವರು ಮುಡಿದ ಹೂವನ್ನೂ ಆಚೆ ಇಟ್ಟು ಬರುತ್ತಾರೆ. ಗುರುವಾದವರೇ ಸುಣ್ಣ ತುಳಿದು ಬಂದಿದ್ದಾರೆ. ಇವನು ಯಾರು, ಹೊಸ್ತಿಲನ್ನೇ ತುಳಿಯದೆ ತಂತಿಯಲ್ಲಿ ಬಂದು ಒಳಗೆ ಕೂತವನು? ಇಳಿಯುವ ಹೊತ್ತಿಗೆ ನನಗೆ ದಾರಿ ಕಂಡಿತ್ತು. ಬೀಗ ಬೇಕಾಗುವುದು ಬೀದಿಗೆ ಬಾಗಿಲಿದ್ದರೆ. ಬೀದಿಯ ಬಾಗಿಲನ್ನೇ ಮುಚ್ಚಿಬಿಟ್ಟರೆ?

ಮನೆಗೆ ಬಂದವನೇ ಇಂಟರ್‌ನೆಟ್ ತಂತಿ ಕಿತ್ತು ಸುತ್ತಿಟ್ಟೆ. ಮದುವೆಯ ತುಂಡುಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿಕೊಂಡು, ಮಿಸ್ಸು ಮಾಡಿಕೊಟ್ಟ ಹಳೇ ಸಿಸ್ಟಮ್ಮನ್ನು ಮೊದಲಿಂದ ಹಾಕತೊಡಗಿದೆ. ಪಕ್ಕದಲ್ಲಿ ಯಾರೂ ಹೇಳಿಕೊಡುವವರಿಲ್ಲದೆ ಮಾಡಿದ್ದು ಅದೇ ಮೊದಲು. ಮಾದೇವಿ ಗೋಣಿಗಳಿಗೆ ನೀರು ಚಿಮುಕಿಸುತ್ತಾ ನಿಂತಳು.

"ಎದ್ದದಾ?"

"ತಡಿ."

"ಏಳ್ನಿಲ್ಲ ಅಂದ್ರೆ ಬಸವರಾಜಪ್ನೋರ್ಗೆ ಏನ್ ತೋರ್ಸೀರಿ? ನಮ್ ಉಳುನಾ?"

ಎದ್ದಿತು. ವೇಗ ನೋಡಿದೆ: ಮಿಸ್ಸಿನ ಅಂಕಿ. ನನಗೆ ಎಲ್ಲಿಲ್ಲದ ಜಂಬ ಬಂದು, ಗುರುವನ್ನು ಮೀರಿಸೋಣ ಎಂದು ಇನ್ನೊಂದು ಮೆಟ್ಟಿಲು ಏರಿಸಿದೆ. ಠಪ್ಪನೆ ನಿಂತಿತು. ಮಾದೇವಿ ಬಾಯಿಗೆ ಸೆರಗು ಹಿಡಿದು ನಗುವಾಗ ಮೆಲ್ಲಗೆ ಹಿಂದಿನ ಅಂಕಿಗೇ ಬಂದೆ. ಫ್ಯಾನು ಸುಯ್ಯೆಂದಿತು. ಒದ್ದೆ ಗೋಣಿ, ಹಸಿ ಸೊಪ್ಪು, ಬೆಚ್ಚಗಿನ ಧೂಳು. ಬಂತು ನೋಡಿ ಆ ವಾಸನೆ!

ಭಾನುವಾರ ಕಾಮಗೆರೆಯಲ್ಲಿ ಎಲೆ ಹಾಕುವ ಮುಂಚೆಯೇ ಪರದೆ ಬೆಳಗಿತು. ಬಸವರಾಜಪ್ಪನವರು ಮಗಳು ಧಾರೆಗೆ ಕೂತದ್ದನ್ನು ನೋಡುತ್ತಾ ಕಣ್ಣು ಒರೆಸಿಕೊಂಡು, ನನ್ನ ಕಡೆ ತಿರುಗದೆಯೇ, "ಕುದ್ರೆ ಓಡ್ತದ ಕಣಪ್ಪ," ಎಂದರು.

ವೇಗದ ಅಂಕಿಯ ಫೋಟೋ ತೆಗೆದು ಮಿಸ್ಸಿಗೆ ಕಳಿಸಿದ್ದೆ. ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. ನಮಸ್ಕಾರವಿಲ್ಲ, ಚೆನ್ನಾಗಿದ್ದೀರಾ ಎಂದಿಲ್ಲ. "ಅಣ್ಣ, ಆ ತಂತಿ ಮತ್ತೆ ಸಿಕ್ಕಿಸಿದ್ರೋ, ನಾನೇ ಬಂದು ನಿಮ್ಮ ಕೈ ಮುರೀತೀನಿ." ಅದು ಹನೂರಿನ ಮಹಡಿಯ ಮೇಲಿನ ದನಿ.

ಅಂದಿನಿಂದ ಈ ಕಂಪ್ಯೂಟರಿಗೆ ಹೊರಗಿನ ಗಾಳಿ ಸೋಕಿಲ್ಲ. ಮಾಡಿದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ಜೇಬಿನಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಹನೂರಿಗೆ ಒಯ್ಯುತ್ತೇನೆ. ನೀವು ಓದುತ್ತಿರುವ ಇದೂ ಹಾಗೇ ಹೋದದ್ದು. ಹಳೇ ಕಾಲದವನು ಎಂದು ಹುಡುಗರು ನಗುತ್ತಾರೆ. ನಗಲಿ.

ಇವತ್ತು ಬೆಳಿಗ್ಗೆ ನಾನು ಇದನ್ನೆಲ್ಲ ನೆನೆಯುವಾಗ ಮಾದೇವಿ ಇನ್ನೂ ಫೋನು ಹಿಡಿದು ನಿಂತಿದ್ದಳು. "ಕೂರುಸ್ಲಾ, ಬ್ಯಾಡ್ವಾ? ಬಾಯ್ ಬುಡಿ."

"ಅದುನ್ನ ಕೂರುಸು. ಅದು ಬೀದಿ ಸುತ್ತದು, ಬೀಗ ಬೇಕು."

"ಒಳ್ಗಡೆದು?"

ನಾನು ಸೊಪ್ಪಿನ ಕೋಣೆಯ ಕಡೆ ನೋಡಿದೆ. ಫ್ಯಾನಿನ ಸದ್ದು ಕೇಳುತ್ತಿತ್ತು. ನಾನು ಏನಾದರೂ ಹೇಳುವ ಮೊದಲು ಮಾದೇವಿಯೇ ಒಣಗಿದ ಗೋಣಿಯೊಂದನ್ನು ತೊಟ್ಟಿಗೆ ಅದ್ದಿ, ಹಿಂಡದೆ, ಕಿಟಕಿಗೆ ಎಳೆದು ಕಟ್ಟಿದಳು.

"ಅದುಕ್ಕೆ ನಾಕ್ ಜ್ವರಾನೂ ಆಯ್ತು ಕಣ್ರಿ," ಎಂದಳು. "ಇನ್ನೇನಿದ್ರೂ ನೂಲು ಬುಡದೇಯ."