ಕೆರಿಯಮ್ಮನ ದನಿ

ನಮ್ಮ ಅಜ್ಜಿ ಗುತ್ಯಮ್ಮ ಮೂವತ್ತು ವರ್ಷ ಸಾಗರದ ಸುತ್ತಿನ ಮದುವೆಗಳಲ್ಲಿ ಹಾಡು ಹೇಳಿದವಳು. ಜೊತೆಗೆ ಯಾವಾಗಲೂ ಅವಳ ಗೆಳತಿ ಕೆರಿಯಮ್ಮ. ಕೆರಿಯಮ್ಮ ಎತ್ತಿದ ಸಾಲನ್ನು ಅಜ್ಜಿ ಹಾಗೆಯೇ ಹಿಂದೆ ಹೇಳಬೇಕು. ಎತ್ತುವವಳ ದನಿ ಹಿಡಿಯದವಳಿಗೆ ಹಾಡಿನ ಚಾಪೆಯ ಮೇಲೆ ಜಾಗವಿಲ್ಲ.

ಅರವತ್ತು ದಾಟಿದ ಮೇಲೆ ಅಜ್ಜಿಯ ಕಿವಿ ಮಂದವಾಯಿತು. ಗಂಡಸರ ದನಿ ಗುರುತು ಸಿಗುತ್ತಿತ್ತು. ಹೆಂಗಸರ ಮಾತು ಅಷ್ಟಿಷ್ಟು ಕೇಳಿಸಿದರೂ ಯಾರದೆಂದು ತಿಳಿಯುತ್ತಿರಲಿಲ್ಲ. ನಮ್ಮ ಸೋದರತ್ತೆ ಕರೆದಳೋ ಅಮ್ಮ ಕರೆದಳೋ ಗೊತ್ತಾಗದೆ, ಇಬ್ಬರಿಗೂ ಸೇರಿಸಿ "ಬಂದೆ" ಎನ್ನುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಚಾಪೆಗೆ ಬೇರೆಯವರು ಬರುತ್ತಾರೆ.

ಸಾವಿರದ ಒಂಬೈನೂರ ಅರವತ್ಮೂರನೇ ಇಸವಿಯ ಬೇಸಿಗೆಯಲ್ಲಿ ಕೆರಿಯಮ್ಮನ ಮೊಮ್ಮಗಳ ಮದುವೆ. ಊಟದ ಹೊತ್ತಿಗೆ ಬೀಗರನ್ನು ಹಂಗಿಸುವ ಹಾಡು ಶುರುವಾಯಿತು. ಇದು ಬಾಯಿಪಾಠದ ಹಾಡಲ್ಲ, ಅಲ್ಲೇ ಕಟ್ಟುವಂಥದ್ದು. ಗಂಡಿನ ಕಡೆಯ ಹೆಂಗಸೊಬ್ಬಳು ಎತ್ತಿದಳು:

"ಈ ಮನೆ ಸಾರಿಗೆ ಉಪ್ಪಿಲ್ಲ, ಮಾತಿಗೆ ಖಾರ ಬಲು ಉಂಟು..."

ಸಾಲು ನಿಂತಿತು. ಕೆರಿಯಮ್ಮನೇ ಎತ್ತಿದಳೆಂದುಕೊಂಡು ಅಜ್ಜಿ ಗಟ್ಟಿಯಾಗಿ ಅದನ್ನೇ ಹಿಂದೆ ಹೇಳಿಬಿಟ್ಟಳು.

"ಕಂಡ್ರಾ, ಅವ್ರ ಕಡೆಯೋರೇ ಒಪ್ಕಂಡ್ರು!" ಎಂದು ಎದುರಿನವರು ಬಿದ್ದುಬಿದ್ದು ನಕ್ಕರು.

ಕೆರಿಯಮ್ಮ ಅಜ್ಜಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ಉಪ್ಪಿಲ್ದಿದ್ರೆ ನನ್ ಕಿವೀಲಿ ಹೇಳ್ಬಾರ್ದಿತ್ತಾ? ಬೀಗರ ಮುಂದೆ ಹಾಡ್ಬೇಕಿತ್ತಾ? ಎಂತ ಹೊಟ್ಟೆಕಿಚ್ಚೇ ನಿಂಗೆ!" ಎಂದು ಕೂಗಿದಳು.

ಸುಮ್ಮನಿದ್ದರೆ ಗೆಳತಿ ಹೋಗುತ್ತಾಳೆ. ನಿಜ ಹೇಳಿದರೆ ಹಾಡು ಹೋಗುತ್ತದೆ. ಅಜ್ಜಿ ಸೆರಗಿನ ತುದಿ ತಿರುಚುತ್ತಾ ನಿಂತಳು.

"ನೀನೇ ಅಂತ ತಿಳ್ಕಂಡೆ ಕಣೆ. ನಿನ್ ದನಿ ನಂಗೆ ಗುರ್ತು ಸಿಗ್ತಿಲ್ಲ."

ಕೆರಿಯಮ್ಮ ಮೆಲ್ಲಗೆ ಏನೋ ಕೇಳಿದಳು.

"ಎಂತ? ಎಲೆ ಜಗೀತಿದ್ಯೋ, ಮಾತಾಡ್ತಿದ್ಯೋ?"

ಕೆರಿಯಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಬಾಳೆಬುಡಕ್ಕೆ ಉಗಿದಳು. "ಯಾವಾಗಿಂದ ಅಂದೆ!"

"ಎರಡು ವರ್ಷ ಆಯ್ತು."

ಕೆರಿಯಮ್ಮ ತಿರುಗಿ ಚಪ್ಪರದೊಳಗೆ ಹೋದಳು.

ಮುಂದಿನ ಮದುವೆಯಲ್ಲಿ ಅಜ್ಜಿ ತಾನಾಗಿಯೇ ಹಿಂದಿನ ಸಾಲಿನಲ್ಲಿ ಕುಳಿತಳು. ಕೆರಿಯಮ್ಮ ಬಂದು ಕೈಹಿಡಿದು ಎಬ್ಬಿಸಿ ಚಾಪೆಗೆ ಕರೆದೊಯ್ದಳು. ಯಾವಾಗಲೂ ಪಕ್ಕದಲ್ಲಿ ಕೂರುವವಳು ಅಂದು ಎದುರಿಗೆ ಕುಳಿತಳು. ಬಾಯಲ್ಲಿ ಎಲೆ ಇರಲಿಲ್ಲ. ಅಜ್ಜಿ ಅವಳ ತುಟಿ ನೋಡಿ ಹಿಂದೆ ಹೇಳಿದಳು. ಒಂದು ಸಾಲೂ ತಪ್ಪಲಿಲ್ಲ.

ಮನೆಗೆ ಬರುವಾಗ ಅಜ್ಜಿ ಅಮ್ಮನನ್ನು ಕೇಳಿದಳು: "ಕೆರಿಯಮ್ಮನ ದನಿ ಮೊದ್ಲಿನ ಹಂಗೇ ಇದ್ಯಾ?"

"ಹಂಗೇ ಇದೆ ಅತ್ತೆ," ಎಂದಳು ಅಮ್ಮ.

ಅಜ್ಜಿ ದಾರಿಯಲ್ಲಿ ನಿಂತು ಅಮ್ಮನ ಬಾಯಿಯನ್ನೇ ನೋಡಿದಳು. ಆಮೇಲೆ, ಆ ಉತ್ತರವನ್ನು ತುಟಿಯಲ್ಲಿ ಕಾಣಲೆಂದು, ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದಳು.