ತೊಲೆಯ ಮೇಲಿದ್ದ ಹೆಸರು

ಬೆಳಗಿನ ಐದೂವರೆ. ಪೂರ್ವದ ಗಾಳಿ ಕಡಲಿನಿಂದ ನೇರ ಬೀದಿಗೇ ನುಗ್ಗುತ್ತಿದೆ. ಸ್ಕೆಲ್‌ಬರಿ ಊರಿನ ಕಡಲ ಸ್ನಾನಭವನದ ಹಿಂಬಾಗಿಲಲ್ಲಿ ಎನಿಡ್ ಥ್ರಸಲ್ ಬಗ್ಗಿ ನಿಂತಿದ್ದಾರೆ. ಉಪ್ಪುಗಾಳಿಗೆ ಬೀಗ ಬಿಗಿದುಕೊಂಡಿದೆ. ಕೋಟಿನ ಜೇಬಿನಿಂದ ಮೇಣದಬತ್ತಿಯ ತುಂಡು ತೆಗೆದು ಕೀಲಿಕೈಗೆ ಉಜ್ಜುತ್ತಾರೆ, ಮೊಣಕಾಲಿನಿಂದ ಬಾಗಿಲಿಗೆ ಒಂದು ಗುದ್ದು ಕೊಡುತ್ತಾರೆ. "ಏಳೇ ಮುದುಕಿ, ಬೆಳಗಾಯ್ತು," ಎನ್ನುತ್ತಾರೆ. ಹೇಳಿದ್ದು ಬಾಗಿಲಿಗೋ ತಮಗೋ ತಿಳಿಯುವುದಿಲ್ಲ. ಬಾಗಿಲು ನರಳುತ್ತಾ ತೆರೆದುಕೊಳ್ಳುತ್ತದೆ.

ಎಪ್ಪತ್ತೆರಡರ ಎನಿಡ್ ಮೂವತ್ತೊಂದು ವರ್ಷದಿಂದ ಈ ಕಟ್ಟಡದ ಉಸ್ತುವಾರಿ. ಉಸ್ತುವಾರಿ ಎಂಬುದು ಕಾಗದದ ಮೇಲಿನ ಮಾತು. ಕೆಲಸವೆಂದರೆ ನೆಲ ಒರೆಸುವುದು, ಹಿತ್ತಾಳೆ ಹಿಡಿಕೆ ತಿಕ್ಕುವುದು, ದಿನಕ್ಕೆ ನಾಲ್ಕು ಸಲ ಅರವತ್ತನಾಲ್ಕು ಮೆಟ್ಟಿಲು ಹತ್ತಿಳಿಯುವುದು. ಅಟ್ಟದಲ್ಲಿ ಸೋರುವ ಕಡೆಗೆಲ್ಲ ಆರು ಬಕೆಟ್ಟುಗಳಿವೆ. ಬಿರುಗಾಳಿ ಬಂದುಹೋದ ಮರುದಿನ ಅವು ಹನ್ನೊಂದಾಗುತ್ತವೆ. ಹತ್ತು ಗಂಟೆಗೆ ಪ್ರವಾಸಿಗರಿಗೆ ಮುಂಬಾಗಿಲು ತೆಗೆಯಬೇಕು. ಬಂದವರಿಗೆ ಕಟ್ಟಡದ ಕಥೆ ಹೇಳುವುದು ಅವರ ಕೆಲಸವಲ್ಲ. ಆದರೆ ಹೇಳುವವರು ಇನ್ನಾರೂ ಇಲ್ಲದ್ದರಿಂದ ಅದೂ ಅವರ ಪಾಲಿಗೇ ಬಂದಿದೆ.

ಕಥೆಗೆ ಇಲ್ಲಿ ಬರವಿಲ್ಲ. ದಂಡೆಯುದ್ದಕ್ಕೂ ಬಾಗಿ ನಿಂತ ಅರ್ಧಚಂದ್ರದ ಮನೆಸಾಲು ಇನ್ನೂರು ವರ್ಷ ಹಳೆಯದು. ಬಿಳೀ ಕಲ್ಲಿನದೆಂದು ಬಂದವರೆಲ್ಲ ಫೋಟೊ ತೆಗೆದುಕೊಳ್ಳುತ್ತಾರೆ. ಅದು ಕಲ್ಲಲ್ಲ, ಇಟ್ಟಿಗೆಯ ಮೇಲೆ ಗಾರೆ ಬಳಿದು ಕಲ್ಲಿನ ಸಂದಿನಂತೆ ಗೀರು ಎಳೆದದ್ದು. ಕಡಲ ನೀರು ಸಕಲ ರೋಗಕ್ಕೂ ಮದ್ದೆಂದು ವೈದ್ಯರು ಬರೆದುಕೊಡುತ್ತಿದ್ದ ಕಾಲದಲ್ಲಿ ಊರು ಹೀಗೆ ಬಣ್ಣ ಬಳಿದುಕೊಂಡು ಎದ್ದಿತು. ಸ್ನಾನಭವನ ಅದಕ್ಕಿಂತ ಐವತ್ತು ವರ್ಷ ತಡ. ಕೆಂಪು ಇಟ್ಟಿಗೆಯ ಗೋಡೆ, ಹಸಿರುಗಟ್ಟಿದ ತಾಮ್ರದ ಗುಮ್ಮಟ, ಗಂಡಸರಿಗೊಂದು ಹೆಂಗಸರಿಗೊಂದು ಬಾಗಿಲು. ಹಬೆಯಂತ್ರ ಕಡಲಿನಿಂದ ನೀರೆಳೆದು, ಕಾಯಿಸಿ, ತೊಟ್ಟಿಗಳಿಗೆ ಬಿಡುತ್ತಿತ್ತು. ತೊಟ್ಟಿಗಳು ಬತ್ತಿ ಎಷ್ಟೋ ಕಾಲವಾಯಿತು. ಈಗ ಜನ ಬರುವುದು ದೊಡ್ಡ ಹಜಾರದ ಒಳಛಾವಣಿ ನೋಡುವುದಕ್ಕೆ.

ಕತ್ತೆತ್ತಿದರೆ ತಲೆಯ ಮೇಲೆ ಕಡಲೇ ಮಗುಚಿಕೊಂಡ ಹಾಗೆ. ಗಾರೆಯಲ್ಲಿ ಮಾಡಿದ ಚಿಪ್ಪುಗಳು, ಪಾಚಿಯ ಎಳೆಗಳು, ಬಲೆಯಲ್ಲಿ ಸಿಕ್ಕಿದ ಮೀನು. ಒಂದು ಚಿಪ್ಪಿನಂತೆ ಇನ್ನೊಂದಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ, ಹಲಗೆಯ ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ, ಗಾರೆ ಒಣಗುವ ಮೊದಲೇ ಬೆರಳಿನಿಂದ ತಿದ್ದಿದ್ದು. "ಕಣ್ಣಿಗೆ ಸುಣ್ಣ ಬೀಳುತ್ತೆ, ಕೈ ಮರಗಟ್ಟುತ್ತೆ. ಹದಿನಾಲ್ಕು ತಿಂಗಳು ಹಾಗೇ ಮಲಗಿ ಮಾಡಿದಾನೆ," ಎನ್ನುತ್ತಾರೆ ಎನಿಡ್. ಮಾಡಿದವನ ಹೆಸರು ಹೇಳುವಾಗ ಕುತ್ತಿಗೆ ಕೆಂಪಾಗುತ್ತದೆ. "ಜೋಬ್ ಟಿಲ್‌ಯಾರ್ಡ್."

ಈ ಬರಹಕ್ಕೆ ಎನಿಡ್ ಎರಡು ಸಲ ಒಲ್ಲೆ ಎಂದಿದ್ದರು. ಮೂರನೆಯ ಸಲ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ನೀವು ಎಲೆಮರೆಯ ಕಾಯಿ ಅಂತ ನನ್ನ ಬಗ್ಗೆ ಬರೀತೀರಿ. ಎಲೆಮರೇಲಿದ್ದವನು ಅವನು. ಎಲೆ ಎಳೆದು ಮುಚ್ಚಿದವಳು ನಾನು. ಅದನ್ನ ಬರೆಯೋ ಹಾಗಿದ್ರೆ ಬನ್ನಿ, ಇಲ್ಲಾಂದ್ರೆ ಟೀ ಕುಡಿದು ಹೊರಡಿ."

ಶುರುವಾದದ್ದು ಒಂದು ಬಕೆಟ್ಟಿನಿಂದ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಮೊಣಕಾಲೂರಿ ಹಜಾರದ ನೆಲ ಒರೆಸುತ್ತಿದ್ದರು. ಲಂಡನ್ನಿನಿಂದ ಒಂದು ತಂಡ ಬಂದಿತ್ತು. ಒಬ್ಬ ದೊಡ್ಡ ಮನುಷ್ಯ ಅವರ ಬಕೆಟ್ಟು ದಾಟಿಕೊಂಡು ಹೋಗುತ್ತಾ ಜೊತೆಯವಳಿಗೆ ಹೇಳಿದ: "ತಲೆ ಮೇಲೆ ಏನಿದೆ ಅಂತ ಇಲ್ಲಿನವರಿಗೆ ಗೊತ್ತೇ ಇಲ್ಲ ನೋಡು. ಇವಳು ಈ ನೆಲ ಬಿಟ್ಟು ಇನ್ನೇನು ನೋಡಿರ್ತಾಳೆ?"

ಎನಿಡ್ ಎದ್ದು ನಿಂತರು. ಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು. "ಅದನ್ನ ಮಾಡಿದ್ದು ನಮ್ಮ ಮುತ್ತಜ್ಜ," ಎಂದುಬಿಟ್ಟರು.

"ಬಾಯಿಗೆ ಹೇಗೆ ಬಂತೋ ದೇವರಿಗೇ ಗೊತ್ತು," ಎನ್ನುತ್ತಾರೆ ಈಗ. "ಆ ಮನುಷ್ಯ ಟೋಪಿ ತೆಗೆದ. ಕ್ಷಮಿಸಬೇಕು ಮೇಡಂ ಅಂದ. ನನ್ನನ್ನ ಮೇಡಂ ಅಂತ ಅದಕ್ಕೆ ಮುಂಚೆ ಯಾರೂ ಕರೆದಿರಲಿಲ್ಲ. ಅವತ್ತೇ ಬಾಯಿ ಮುಚ್ಕೊಂಡಿದ್ರೆ ಮುಗೀತಿತ್ತು. ಮಾರನೇ ವಾರ ಇನ್ನೊಬ್ಬರು ಬಂದ್ರು, ಅವರಿಗೂ ಹೇಳ್ದೆ."

ನಿಜವಾದ ಮುತ್ತಜ್ಜ ಏಮಸ್ ಗಾಟ್ ಗಾರೆ ಮುಟ್ಟಿದವನೇ ಅಲ್ಲ. ಮರಳಿನ ಮೇಲೆ ಸ್ನಾನದ ಗಾಡಿ ಹೊಡೆಯುತ್ತಿದ್ದವನು. ಶ್ರೀಮಂತ ಹೆಂಗಸರು ಗಾಡಿಯೊಳಗೇ ಬಟ್ಟೆ ಬದಲಿಸಿ ನೀರಿಗಿಳಿಯಲೆಂದು, ಕುದುರೆ ಕಟ್ಟಿ ಗಾಡಿಯನ್ನು ಅಲೆಯೊಳಗೆ ನಡೆಸಿಕೊಂಡು ಹೋಗುವ ಕೆಲಸ. ಎನಿಡ್ ಅವರ ತಾಯಿ ಪ್ರವಾಸಿಗರಿಗೆ ಊಟ-ವಸತಿಯ ಮನೆ ನಡೆಸುತ್ತಿದ್ದವರು. ಅತಿಥಿಗಳೆದುರು ಏಮಸ್‌ನ ಮಾತೆತ್ತುತ್ತಿರಲಿಲ್ಲ. "ಕುದುರೆ ಲದ್ದಿ ವಾಸನೆ ಮನೆಯೊಳಗೆ ಬೇಡ ಅಂತಿದ್ರು ಅಮ್ಮ. ನಾನೂ ಹಾಗೇ ಬೆಳೆದೆ."

ಸುಳ್ಳಿಗೆ ಕಾಲು ಬಂತು. ಸ್ನಾನಭವನದ ಕಟ್ಟೋಣದ ಕಡತಗಳೆಲ್ಲ 1953ರ ಕಡಲ ಪ್ರವಾಹದಲ್ಲಿ ನೀರುಪಾಲಾಗಿದ್ದರಿಂದ ಇಲ್ಲವೆನ್ನುವವರಿರಲಿಲ್ಲ. ಪ್ರವಾಸಿಗರಿಗೆ ಕೊಡುವ ಕೈಹಾಳೆಯಲ್ಲಿ, ಉಸ್ತುವಾರಿ ಎನಿಡ್ ಅವರ ಮುತ್ತಜ್ಜನೆಂದು ಏಮಸ್ ಗಾಟ್ ಸೇರಿಕೊಂಡ. ಸ್ನಾನಭವನವನ್ನು ನಡೆಸುವ ಊರಿನ ಕಟ್ಟಡ ಸಂರಕ್ಷಣಾ ಸಂಘದ ಕಾರ್ಯದರ್ಶಿ ಫಿಲಿಪಾ ನೋಕ್ಸ್ ಬಂದು, "ದಾಖಲೆ ಏನಾದ್ರೂ ಇದೆಯಾ ಎನಿಡ್?" ಎಂದು ಕೇಳಿದರು. "ಮನೆಯಲ್ಲಿ ಹೇಳ್ತಾ ಬಂದಿರೋದು," ಎಂದರು ಎನಿಡ್. ಅಷ್ಟೇ ಸಾಕಾಯಿತು. 2004ರಲ್ಲಿ ಹಜಾರದ ಗೋಡೆಗೆ ಹಿತ್ತಾಳೆಯ ಫಲಕ ಬಂತು: ಈ ಛಾವಣಿ ಇದೇ ಊರಿನ ಏಮಸ್ ಗಾಟ್‌ನ ಕೈಕೆಲಸ. ಅಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಎನಿಡ್ ಅವರ ಗಂಡ ಮಾರಿಸ್ ಕೂಡ ತಟ್ಟಿದರು; ಬಸ್ಸು ಓಡಿಸಿ ನಿವೃತ್ತರಾದ ಮಾರಿಸ್‌ಗೆ ಏಮಸ್ ಯಾರೆಂದು ಚೆನ್ನಾಗಿ ಗೊತ್ತಿತ್ತು. "ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಲವತ್ತೆಂಟು ವರ್ಷದ ಸಂಸಾರ ಹೀಗೇ ನಡೆಯೋದು ಸ್ವಾಮಿ," ಎನ್ನುತ್ತಾರೆ ಮಾರಿಸ್.

ಇಷ್ಟೇ ಆಗಿದ್ದರೆ ಹುಡುಗಾಟ ಎನ್ನಬಹುದಿತ್ತು. 2013ರ ಡಿಸೆಂಬರಿನಲ್ಲಿ ಬಿರುಗಾಳಿ ಛಾವಣಿಯ ಮೇಲಿನ ಸೀಸದ ಹೊದಿಕೆಯ ಒಂದು ಮೂಲೆ ಕಿತ್ತಿತು. ಬಕೆಟ್ಟಿಡಲು ಎನಿಡ್ ಅಟ್ಟದ ತುದಿಗೆ, ಅದುವರೆಗೆ ಹೋಗದ ಜಾಗಕ್ಕೆ ತೆವಳಿಕೊಂಡು ಹೋದರು. ಬ್ಯಾಟರಿಯ ಬೆಳಕಿನಲ್ಲಿ ಒಂದು ತೊಲೆಯ ಮೇಲೆ ಅಕ್ಷರ ಕಂಡವು, ಬಡಗಿಗಳ ದಪ್ಪ ಪೆನ್ಸಿಲಿನಲ್ಲಿ ಬರೆದದ್ದು: "ಜೋಬ್ ಟಿಲ್‌ಯಾರ್ಡ್, ಗಾರೆಯವನು. ಈ ಛಾವಣಿ ಒಬ್ಬನೇ ಮಾಡಿದೆ. ಹದಿನಾಲ್ಕು ತಿಂಗಳು. ಬಹಳ ಚಳಿ. 1877."

"ಓದಿದೆ. ಮತ್ತೆ ಓದಿದೆ. ಕೆಳಗೆ ಬಂದು ಒಂದು ಹಳೇ ಪರದೆ ತಗೊಂಡು ಹೋಗಿ ಆ ಬರಹದ ಮೇಲೆ ಮೊಳೆ ಹೊಡೆದು ಮುಚ್ಚಿದೆ," ಎನ್ನುತ್ತಾರೆ ಎನಿಡ್, ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಾ. "ನಾನು ಬಿಟ್ರೆ ಯಾರೂ ಹತ್ತದ ಅಟ್ಟ ಅದು. ಯಾರ ಕಣ್ಣಿಗೆ ಬೀಳದಿರಲಿ ಅಂತ ಮುಚ್ಚಿದ್ದು? ನನ್ನ ಕಣ್ಣಿಗೇ ತಾನೆ? ತಿಂಗಳಿಗೊಂದ್ಸಲ ಬಕೆಟ್ಟು ನೋಡೋಕೆ ಹೋಗ್ತಿದ್ದೆ, ಆ ಕಡೆ ತಿರುಗ್ತಿರಲಿಲ್ಲ."

ಹನ್ನೊಂದು ವರ್ಷಕ್ಕೂ ಮೇಲೆ ಹಾಗೇ ಕಳೆಯಿತು.

ಕಳೆದ ಸೆಪ್ಟೆಂಬರಿನಲ್ಲಿ ಒಬ್ಬ ಮುದುಕಿ ಒಂಟಿಯಾಗಿ ಬಂದರು. ಕೋಲು ಊರಿಕೊಂಡು ಹಜಾರದ ನಡುವೆ ಅರ್ಧ ಗಂಟೆ ಕತ್ತೆತ್ತಿ ನಿಂತರು. ಆಮೇಲೆ ಫಲಕವನ್ನೂ ಕೈಹಾಳೆಯನ್ನೂ ಓದಿದರು. ಎನಿಡ್ ಹತ್ತಿರ ಬಂದು, ಏನೋ ತಪ್ಪು ಮಾಡಿದವರ ಹಾಗೆ ಮೆಲ್ಲಗೆ ಕೇಳಿದರು: "ಒಂದು ಮಾತು ಕೇಳ್ಲಾ? ಈ ಏಮಸ್ ಅವರ ಕೈಕೆಳಗೆ ಬೇರೆಯವರೂ ಕೆಲಸ ಮಾಡಿದ್ರಾ? ನಮ್ಮ ಮುತ್ತಜ್ಜ ಜೋಬ್ ಇಲ್ಲಿದ್ದ ಅಂತ ಅಮ್ಮ ಹೇಳ್ತಿದ್ರು. ಗಾರೆ ಕಲಸಿಕೊಡೋ ಆಳಾಗಿದ್ನೋ ಏನೋ."

ಅವರ ಹೆಸರು ಹಾನರ್ ಟಿಲ್‌ಯಾರ್ಡ್. ಎಂಬತ್ತು ದಾಟಿದ, ಮದುವೆಯಾಗದ ನಿವೃತ್ತ ಶಾಲಾ ಶಿಕ್ಷಕಿ.

"ಇದ್ದಿರಬಹುದು," ಎಂದರು ಎನಿಡ್.

ಇದನ್ನು ಹೇಳುವಾಗ ಎನಿಡ್ ಎದುರಿಗಿದ್ದವರ ಮುಖ ನೋಡುವುದಿಲ್ಲ. "ಅಷ್ಟೇ ಅಂದೆ. ಟೀ ಮಾಡಿಕೊಟ್ಟೆ, ಬಿಸ್ಕತ್ತು ಕೊಟ್ಟೆ. ಬಸ್ ಸ್ಟಾಪಿನ ತನಕ ಕೈ ಹಿಡಿದು ಕರ್ಕೊಂಡು ಹೋದೆ. ನಿಮ್ಮ ಮುತ್ತಜ್ಜ ಎಂಥ ಕಲಾವಿದರು ಅಂತ ನನ್ನ ಕೈ ಹಿಡಿದು ಹೇಳಿ ಬಸ್ಸು ಹತ್ತಿದ್ರು. ಸುಳ್ಳು ಹೇಳಿದ್ದಕ್ಕಿಂತ ಆ ಟೀ ಕೊಟ್ಟಿದ್ದು ನಂಗೆ ಜಾಸ್ತಿ ನಾಚಿಕೆ."

ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ಅಟ್ಟ ಹತ್ತಿ ಪರದೆ ಕಿತ್ತು, ಬರಹದ ಫೋಟೊ ತೆಗೆದರು. ಅತಿಥಿಗಳ ಪುಸ್ತಕದಲ್ಲಿ ಹಾನರ್ ವಿಳಾಸ ಬರೆದಿದ್ದರು. ಎನಿಡ್ ಎರಡು ಬಸ್ಸು ಬದಲಿಸಿ ಹಾನರ್ ಅವರ ಮನೆಗೆ ಹೋದರು. ಬಾಗಿಲಲ್ಲೇ ನಿಂತು, ಕೋಟೂ ಬಿಚ್ಚದೆ ಎಲ್ಲ ಹೇಳಿದರು: ಬಕೆಟ್ಟು, ಲಂಡನ್ನಿನವನು, ಫಲಕ, ಪರದೆ. ಫೋಟೊ ಕೈಗಿಟ್ಟರು.

ಹಾನರ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು. "ಬಹಳ ಚಳಿ," ಎಂದು ಒಮ್ಮೆ ಗಟ್ಟಿಯಾಗಿ ಓದಿದರು. ಅನಂತರ ಹೇಳಿದರು: "ನನ್ನ ತಮ್ಮ ರೂಪರ್ಟ್ ಎಂಟು ವರ್ಷದ ಹಿಂದೆ ನಿಮ್ಮೂರಿಗೆ ಬಂದಿದ್ದ. ಆ ಫಲಕ ಓದಿ ಬಂದ. ಅಮ್ಮ ನಮಗೆ ಕಥೆ ಕಟ್ಟಿ ಹೇಳಿದ್ಳು ಕಣೇ ಹಾನರ್, ನಮ್ಮವರು ಯಾರೂ ಅಲ್ಲಿರಲಿಲ್ಲ ಅಂದ. ಅಮ್ಮನ ಮೇಲೆ ಸಿಟ್ಟು ಮಾಡ್ಕೊಂಡೇ ಇದ್ದ. ಹೋದ ಚಳಿಗಾಲದಲ್ಲಿ ತೀರಿಕೊಂಡ."

"ನಂಗೆ ಗೊತ್ತಿರಲಿಲ್ಲ," ಎಂದರು ಎನಿಡ್.

"ಇಲ್ಲ. ನಿಮಗೆ ಹೇಗೆ ಗೊತ್ತಾಗಬೇಕು?"

ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಎನಿಡ್. ಹಾನರ್ ಬೈಯಲಿಲ್ಲ, ಒಳಗೆ ಕರೆಯಲೂ ಇಲ್ಲ. ಮಳೆ ಬರೋ ಹಾಗಿದೆ, ಬೇಗ ಹೊರಡಿ ಎಂದರು.

ಆ ತಿಂಗಳ ಸಂಘದ ಸಭೆ ಹಜಾರದಲ್ಲೇ ಸೇರಿತು. ಎನಿಡ್ ಮೊದಲೇ ಹೋಗಿ ಫಿಲಿಪಾ ಅವರಿಗೆ ವಿಷಯ ಹೇಳಿದ್ದರು. ಫಿಲಿಪಾ ಕೆಟ್ಟವರಲ್ಲ, ಎನಿಡ್ ಅವರ ಮರ್ಯಾದೆ ಉಳಿಸಲು ನೋಡಿದರು. "ಗಲಾಟೆ ಬೇಡ ಎನಿಡ್. ಫಲಕ ಬದಲಾಯಿಸೋಣ. ಹೊಸ ಸಂಶೋಧನೆಯಿಂದ ತಿಳಿದುಬಂದಿದೆ ಅಂತ ಒಂದು ಸಾಲು ಹಾಕಿದ್ರಾಯ್ತು."

"ಸಂಶೋಧನೆ ಅಲ್ಲ ಅದು, ಸುಳ್ಳು," ಎಂದರು ಎನಿಡ್. ಮೂವತ್ತೆರಡು ಜನರ ಮುಂದೆ ಎದ್ದು ನಿಂತು ಹೇಳಿಯೂಬಿಟ್ಟರು. ಯಾರೋ ಒಬ್ಬರು ಕೆಮ್ಮಿದರು. ಎನಿಡ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಗೋಡೆಯ ಹತ್ತಿರ ಹೋದರು. ಮೂರು ತಿರುಪು ಸಲೀಸಾಗಿ ಬಂದವು. ನಾಲ್ಕನೆಯದು ತುಕ್ಕು ಹಿಡಿದಿತ್ತು. ಅವರು ಒದ್ದಾಡುವುದನ್ನು ನೋಡಲಾರದೆ ಮಾರಿಸ್ ಎದ್ದು ಬಂದು ಫಲಕವನ್ನು ಹಿಡಿದುಕೊಂಡರು.

ಕೆಲಸದಿಂದ ತೆಗೆಯಿರಿ ಎಂದು ಎನಿಡ್ ಅವರೇ ಬರೆದುಕೊಟ್ಟರು. ಸಂಘ ತೆಗೆಯಲಿಲ್ಲ. ಆರು ಬಕೆಟ್ಟು ಎಲ್ಲೆಲ್ಲಿವೆ ಎಂದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಊರು ಮಾತ್ರ ಸುಮ್ಮನೆ ಬಿಡಲಿಲ್ಲ. ಬೇಕರಿಯವನು ಬನ್ನು ಕಟ್ಟಿಕೊಡುತ್ತಾ, "ಇದನ್ನ ಮಾಡಿದ್ದೂ ನಿಮ್ಮ ಮುತ್ತಜ್ಜನೇನಾ ಎನಿಡ್?" ಎಂದ. ಸಾಲಿನಲ್ಲಿದ್ದವರು ನಕ್ಕರು. ಎನಿಡ್ ಬನ್ನು ಇಸಿದುಕೊಂಡು, "ಅಲ್ಲಪ್ಪ, ಅವನು ಮಾಡಿದ್ರೆ ಇಷ್ಟು ಗಟ್ಟಿ ಇರ್ತಿರಲಿಲ್ಲ," ಎಂದು ಹೊರಬಂದರು. ಈಗಲೂ ಆ ಅಂಗಡಿಗೇ ಹೋಗುತ್ತಾರೆ. ಬೇರೆ ಅಂಗಡಿಗೆ ಹೋದರೆ ತಪ್ಪಿಸಿಕೊಂಡಂತೆ ಎನ್ನುತ್ತಾರೆ.

ಬಂದವರಿಗೆ ಈಗ ಅವರು ಹೇಳುವ ಕಥೆ ಉದ್ದವಾಗಿದೆ. ಜೋಬ್‌ನ ಹದಿನಾಲ್ಕು ತಿಂಗಳು, ಅಂಗಾತ ಮಲಗಿದ್ದು, ತೊಲೆಯ ಬರಹ ಎಲ್ಲ ಹೇಳುತ್ತಾರೆ. ಇಲ್ಲಿ ಇಪ್ಪತ್ತು ವರ್ಷ ಬೇರೆ ಹೆಸರಿತ್ತು, ಅದನ್ನು ಹಾಕಿಸಿದವಳು ನಾನು ಎಂದೂ ಹೇಳುತ್ತಾರೆ. ಅದು ಬೇಡವೆಂದು ಫಿಲಿಪಾ ಎಷ್ಟೋ ಸಲ ಹೇಳಿದ್ದಾರೆ. ಕೆಲವರು ಮುಜುಗರದಿಂದ ಗುಮ್ಮಟದ ಕಡೆಗೆ ತಿರುಗುತ್ತಾರೆ. ಒಬ್ಬಳು ಪುಟ್ಟ ಹುಡುಗಿ ಮಾತ್ರ, "ಹಾಗಾದ್ರೆ ನಿಮ್ಮ ಮುತ್ತಜ್ಜ ಏನ್ ಮಾಡ್ತಿದ್ದ?" ಎಂದು ಕೇಳಿದಳಂತೆ. ಎನಿಡ್ ಅವಳನ್ನು ಕಿಟಕಿಯ ಬಳಿ ಕರೆದೊಯ್ದು ಮರಳು ತೋರಿಸಿದರು. "ಅಲ್ಲಿ ಕುದುರೆ ಜೊತೆ ಎದೆ ಮಟ್ಟದ ನೀರಲ್ಲಿ ನಿಂತಿರ್ತಿದ್ದ. ಅವನಿಗೂ ಚಳಿ ಆಗ್ತಿತ್ತು."

ಹೊಸ ಫಲಕ ಬೇಸಿಗೆಗೆ ಬರಲಿದೆ. ಅದರ ಕರಡನ್ನು ಹಾನರ್ ಅವರಿಗೆ ಕಳಿಸಿದ್ದರು. "ಅಕ್ಷರ ಸರಿ ಇದೆ" ಎಂದು ಒಂದು ಸಾಲು ಬರೆದು ಅವರು ಹಿಂದಿರುಗಿಸಿದರು. ಎನಿಡ್ ಬರೆದ ಮೂರು ಕಾಗದಗಳಿಗೆ ಉತ್ತರ ಬಂದಿಲ್ಲ.

ಹತ್ತು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿದೆ. ಹಿಂದಿನ ಕೋಣೆಯಲ್ಲಿ ಟೀ ಆರುತ್ತಿದೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಎನಿಡ್ ಆರಿದ ಟೀ ಕುಡಿದು ಮುಗಿಸಿ ಲೋಟ ತೊಳೆದಿಡುತ್ತಾರೆ.

"ಹಾನರ್ ಅವರ ತಮ್ಮ ರೂಪರ್ಟ್‌ನ ಸಮಾಧಿಗೆ ಒಂದ್ಸಲ ಹೋಗ್ಬೇಕು," ಎನ್ನುತ್ತಾರೆ. "ನಿಮ್ಮಮ್ಮ ಹೇಳಿದ್ದು ನಿಜ ಅಂತ ಅವನಿಗೊಂದು ಮಾತು ಹೇಳ್ಬೇಕು. ಜಾಗ ಹುಡುಕೋದು ಕಷ್ಟ ಅಲ್ಲ, ಬಸ್ಸೂ ಇದೆ. ಆದ್ರೆ ಅವರು ಕರೀದೆ ಹೋಗೋಕೆ ನಂಗೆ ಮುಖ ಇಲ್ಲ. ಕರೆದ್ರೆ ಹೋಗ್ತೀನಿ. ಕರೀಲಿಲ್ಲ ಅಂದ್ರೆ ಅದೂ ಸರಿಯೇ."