ಲಾಡ್ಲೇಸಾಬನ ಸಲಹೆಯೂ ಮಲ್ಲಾಬಾಯಿಯ ಕೈಮಷೀನೂ

ಗೋಗಿಯ ಬಸ್ ನಿಲ್ದಾಣದ ಎದುರು ನನ್ನ ಟೇಲರ್ ಅಂಗಡಿ. ನನ್ನ ಹೆಸರು ಲಾಡ್ಲೇಸಾಬ. ಕಸುಬು ಹೊಲಿಗೆ, ಚಟ ಸಲಹೆ ಕೊಡುವುದು. ಕಾಲುವೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಜನರ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿತು. ರೇಡಿಯೋ ಕೊಳ್ಳುವವರು, ಸೈಕಲ್ ಕೊಳ್ಳುವವರು, ಎಲ್ಲರೂ ಶಹಾಪುರದ ಬಸ್ ಹತ್ತುವ ಮುಂಚೆ ನನ್ನನ್ನು ಕೇಳುತ್ತಿದ್ದರು. ಬರುವಾಗ ನಾನು ಬೇಡವೆಂದದ್ದನ್ನೇ ಹೊತ್ತು ತರುತ್ತಿದ್ದರು.

ಒಮ್ಮೆ ನಮ್ಮೂರ ರೈತ ಈಶಪ್ಪ ಪ್ಯಾಂಟಿಗೆ ಯಾವ ಬಣ್ಣ ಎಂದು ಕೇಳಿದ. ದಿನವಿಡೀ ಗದ್ದೆಯಲ್ಲಿ ಓಡಾಡುವವನು, ಕೆಸರು ಕಾಣದ ಕಂದು ಬಣ್ಣ ತಗೋ ಎಂದೆ. ಹಾಲಿನಂಥ ಬಿಳಿ ಬಟ್ಟೆ ತಂದ. ಬೈಯುತ್ತಲೇ ಅಳತೆ ತೆಗೆದೆ.

"ಯಾವ್ದು ತಗೋಬಾರ್ದು ಅಂತ ತಿಳ್ಕೊಳ್ಳಾಕೇ ನಿಮ್ಮ ಹತ್ರ ಬರ್ತಾರ," ಎಂದು ಹೆಂಡತಿ ಚಾಂದಬೀ ನಗುತ್ತಿದ್ದಳು. ಆದರೂ ಯಾರಾದರೂ "ಅಣ್ಣಾ, ಒಂದು ಮಾತು" ಎಂದರೆ ಸಾಕು, ಸೂಜಿ ಬದಿಗಿಟ್ಟು ಶುರು ಹಚ್ಚಿಕೊಳ್ಳುತ್ತಿದ್ದೆ.

ದೋರನಹಳ್ಳಿಯ ಮಲ್ಲಾಬಾಯಿ ಬಂದದ್ದೂ ಹಾಗೇ. ಭತ್ತದ ನಾಟಿಗೆ ಹೋಗುತ್ತಿದ್ದ ಹೆಣ್ಣುಮಗಳು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು. ಇನ್ನು ಕೆಸರಿಗೆ ಇಳಿಯಲಾಗದು, ಬ್ಲೌಸು ಲಂಗ ಹೊಲಿದೇ ಮನೆ ನಡೆಯಬೇಕು ಎಂದಳು. ಕೂಡಿಟ್ಟದ್ದರಲ್ಲಿ ಒಂದೇ ಮಷೀನು ಬರುತ್ತಿತ್ತು.

"ಅಣ್ಣಾ, ಈ ಕೈಮಷೀನು..." ಎಂದು ಬಾಯಿ ತೆರೆದಳು.

"ಅದರ ಹೆಸರೇ ಎತ್ತಬ್ಯಾಡ!" ಎಂದೆ. "ಒಂದು ಕೈ ತಿರುವಾಕ ಹೋಗ್ತದ, ಅರಿವಿ ಹಿಡಿಯಾಕ ಒಂದೇ ಕೈ ಉಳೀತದ. ಸುಮ್ನ ಕಾಲ್ಮಷೀನು ತಗೋ."

ಅರ್ಧ ಗಂಟೆ ಕೊರೆದೆ. ಬೆಲ್ಟು, ಪೆಡಲು, ನನಗೆ ಹೊಲಿಗೆ ಕಲಿಸಿದ ಉಸ್ತಾದರ ಕಥೆ, ಯಾವುದನ್ನೂ ಬಿಡಲಿಲ್ಲ. ಆಕೆ ತಲೆಯಾಡಿಸಿ ಎದ್ದು ಹೋದಳು. ಒಬ್ಬಳಾದರೂ ನನ್ನ ಮಾತು ಕೇಳುತ್ತಾಳೆ ಎಂದು ಚಾಂದಬೀಗೆ ಹೇಳಿಕೊಂಡು ಮೆರೆದೆ.

ತಿಂಗಳ ಮೇಲೆ ಬಂದಳು. ಕಂಕುಳಲ್ಲಿ ಕೈಮಷೀನು! ನನಗೆ ಮೈಯೆಲ್ಲ ಉರಿಯಿತು.

"ಅಷ್ಟು ಬಡಕೊಂಡೆ! ನನ್ನ ಮಾತು ಯಾಕ ಕೇಳಲಿಲ್ಲ?"

ಮಲ್ಲಾಬಾಯಿ ಸೀರೆಯ ಅಂಚನ್ನು ಒಂದಿಷ್ಟು ಎತ್ತಿದಳು. ಬಲಗಾಲಿನ ಹಿಮ್ಮಡಿಯಿಂದ ಮೇಲಕ್ಕೆ ದೊಡ್ಡ ಗಾಯದ ಕಲೆ.

"ನಾಟಿ ಹಚ್ಚೂವಾಗ ಗಾಜು ನಟ್ಟಿತ್ರಿ ಅಣ್ಣಾ. ಕೀವಾಗಿ ಪಾದ ಸೆಟದು ನಿಂತದ, ಮಡಚಾಕ ಬರಂಗಿಲ್ಲ. ಕೈಮಷೀನಿನ ಮ್ಯಾಲೆ ದಿನಕ್ಕ ನಾಕು ಬ್ಲೌಸ್ ಆಗ್ತಾವೋ ಇಲ್ಲೋ, ಅಷ್ಟೇ ಕೇಳಾಕ ಬಂದಿದ್ದೆ. ನೀವು ಬಾಯಿ ಬಿಡಾಕ ಬಿಡಲಿಲ್ಲ."

ಊರವರ ಎದೆ, ಸೊಂಟ, ತೋಳು ಎಲ್ಲ ಅಳೆದವನು ನಾನು. ಅಂಗಡಿಯ ಮೆಟ್ಟಿಲನ್ನು ಆಕೆ ಹೇಗೆ ಹತ್ತಿ ಬಂದಳೆಂದು ನೋಡಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು. ಆಕೆಯ ಕಂಕುಳಿನಿಂದ ಮಷೀನನ್ನು ಇಳಿಸಿಕೊಂಡು ನೆಲದ ಮೇಲಿಟ್ಟೆ.

"ಅದಿರ್ಲಿ ಬಿಡ್ರಿ," ಎಂದಳು. "ಒಂದೇ ಕೈಲೆ ಬ್ಲೌಸಿಗೆ ತೋಳು ಕೂಡಿಸೋದು ಹೆಂಗ, ತೋರಸ್ರಿ. ಎಲ್ಲಾ ಸೊಟ್ಟ ಬರಾಕತ್ತಾವ."

ಕೈಮಷೀನನ್ನು ಬೈದು ಮಾತ್ರ ಗೊತ್ತು, ಅದರ ಮುಂದೆ ಒಂದು ದಿನವೂ ಕೂತವನಲ್ಲ ನಾನು. ಇಬ್ಬರೂ ನೆಲದ ಮೇಲೆ ಕೂತೆವು. ಆಕೆ ತಂದಿದ್ದ ಬ್ಲೌಸಿಗೆ ನಾನು ಕೂಡಿಸಿದ ತೋಳು ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದೆ, ಇನ್ನೂ ಸೊಟ್ಟಗಾಯಿತು. ಮೂರನೆಯ ಸಲ ಆಕೆ, ನಾನು ಎಡವಿದ್ದನ್ನು ನೋಡಿ ಏನೋ ಹೊಳೆದವಳಂತೆ, ಬ್ಲೌಸನ್ನು ನನ್ನ ಕೈಯಿಂದ ಕಿತ್ತುಕೊಂಡು, ಹಿಡಿಕೆಯನ್ನು ನಿಧಾನಕ್ಕೆ ತಿರುಗಿಸುತ್ತ ತಾನೇ ಕೂಡಿಸಿದಳು. ನೆಟ್ಟಗೆ ಬಂತು.

"ಹೆಂಗ ಮಾಡಿದಿ ತಂಗಿ?" ಎಂದೆ.

ಆಕೆ ಹೇಳತೊಡಗಿದಳು. ನಾನು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡೆ.